ಪುಟ ತಿರುಗಿಸುವ ಮುಂಚೆ: ಮಕ್ಕಳ ಕಣ್ಣು ಪಳಗಿಸುವ ಚಿತ್ರಪುಸ್ತಕ ಆರಿಸುವುದು, ತೋರಿಸುವುದು, ಮಾಡುವುದು

ಪುಸ್ತಕದಂಗಡಿಯಲ್ಲಿ ಚಿಕ್ಕ ಮಕ್ಕಳಿಗೆ ಏನಾದರೂ ಕೊಡಿ ಎಂದರೆ ಮೊದಲು ಕೈಗೆ ಬರುವುದು ಹಣ್ಣು, ತರಕಾರಿ, ಪ್ರಾಣಿಗಳ ಚಿತ್ರದ ಕೆಳಗೆ ಹೆಸರು ಅಚ್ಚು ಹಾಕಿದ ದಪ್ಪ ರಟ್ಟಿನ ಪುಸ್ತಕ. ಹೆಸರು ಕಲಿಯಲು ಅದು ಸಾಕು. ನೋಡುವುದನ್ನು ಮಾತ್ರ ಅದು ಕಲಿಸುವುದಿಲ್ಲ. ಮಗು ‘ಆನೆ’ ಅಂದಿತು, ಪುಟ ಮುಗಿಯಿತು. ಆ ಆನೆಯ ಬಾಲದ ತುದಿಯಲ್ಲಿ ಕೂದಲಿದೆಯೋ ಇಲ್ಲವೋ ಯಾರೂ ನೋಡುವುದಿಲ್ಲ. ಗಮನಿಸುವ ಅಭ್ಯಾಸ ಬೆಳೆಯಬೇಕಾದರೆ ಹೆಸರು ಹೇಳಿಯಾದ ಮೇಲೂ ಪುಟದಲ್ಲಿ ಕೆಲಸ ಉಳಿದಿರಬೇಕು. ಆ ಕೆಲಸವನ್ನು ಮಗುವೇ ಮಾಡಿ ಮುಗಿಸುವವರೆಗೆ ದೊಡ್ಡವರು ಬಾಯಿ ಮುಚ್ಚಿಕೊಂಡಿರಬೇಕು. ಎರಡನೆಯದೇ ಹೆಚ್ಚು ಕಷ್ಟ.

ಅಂಗಡಿಯಲ್ಲಿ ನಿಂತು ಪರೀಕ್ಷಿಸುವುದು

ಎರಡು ನಿಮಿಷದ ಕೆಲಸ. ನಡುವಿನ ಯಾವುದಾದರೂ ಪುಟ ತೆರೆದು ಅಕ್ಷರಗಳ ಮೇಲೆ ಅಂಗೈ ಇಟ್ಟು ಮುಚ್ಚಿ. ಏನು ನಡೆಯುತ್ತಿದೆ ಎಂಬುದು ಚಿತ್ರದಿಂದಲೇ ಅರ್ಧಕ್ಕರ್ಧ ತಿಳಿಯಬೇಕು. ಆಮೇಲೆ ಕೈ ತೆಗೆದು ಓದಿ. ಅಕ್ಷರ ಹೇಳಿದ್ದನ್ನೇ ಚಿತ್ರವೂ ಹೇಳಿದ್ದರೆ ಆ ಪುಸ್ತಕ ಬಿಡಿ. ಅಕ್ಷರ ಹೇಳದ ಒಂದು ಸಂಗತಿಯಾದರೂ ಚಿತ್ರದಲ್ಲಿರಬೇಕು: ಅಮ್ಮ ಬುಟ್ಟಿ ಹೊತ್ತು ನಡೆದಳು ಅಂತ ಕೆಳಗೆ ಬರೆದಿದ್ದರೆ, ಮೇಲೆ ಆ ಬುಟ್ಟಿಯಿಂದ ಒಂದೊಂದೇ ಆಲೂಗೆಡ್ಡೆ ಉದುರುತ್ತಿರಬೇಕು.

ಇನ್ನೊಂದು ಪರೀಕ್ಷೆ ಅಗ್ಗದ ಪುಸ್ತಕಗಳಿಗೆ ಮುಖ್ಯ. ಒಬ್ಬಳೇ ಹುಡುಗಿಯನ್ನು ಮೂರು ಪುಟದಲ್ಲಿ ಹುಡುಕಿ. ಲಂಗದ ಬಣ್ಣ, ಜಡೆಯ ಟೇಪು, ಕಾಲಿನ ಚಪ್ಪಲಿ ಕಾರಣವಿಲ್ಲದೆ ಬದಲಾಗಿದ್ದರೆ ಅದು ಅಲ್ಲಿಂದ ಇಲ್ಲಿಂದ ತಂದು ಅಂಟಿಸಿದ ಚಿತ್ರ. ಮಗು ಇದನ್ನು ಖಂಡಿತ ಕಂಡುಹಿಡಿಯುತ್ತದೆ, ‘ಯಾಕೆ?’ ಅಂತ ಕೇಳುತ್ತದೆ. ನಿಮ್ಮ ಹತ್ತಿರ ಉತ್ತರವಿರುವುದಿಲ್ಲ. ಎರಡು ಮೂರು ಸಲ ಹೀಗಾದರೆ ವಿವರ ನೋಡಿ ಲಾಭವಿಲ್ಲ ಎಂದು ಅದಕ್ಕೆ ಗೊತ್ತಾಗಿಬಿಡುತ್ತದೆ.

ಕೊಳ್ಳುವುದೇ ಬೇಡ ಅನ್ನುವವರಿಗೂ ದಾರಿಯಿದೆ. ಹಾಸನ, ಚಿಕ್ಕಮಗಳೂರು ಜಿಲ್ಲೆಗಳ ಗ್ರಾಮ ಪಂಚಾಯಿತಿ ಗ್ರಂಥಾಲಯಗಳನ್ನು ಈಗ ಅರಿವು ಕೇಂದ್ರ ಎಂದು ಕರೆಯುತ್ತಾರೆ. ಅಲ್ಲಿ ಮಕ್ಕಳ ಕಪಾಟನ್ನು ಕೇಳಿ ನೋಡಿ. ಮಕ್ಕಳ ಪುಸ್ತಕ ಹೊರತರುವ ಪ್ರಥಮ್ ಬುಕ್ಸ್ 2015ರಲ್ಲಿ ಶುರುಮಾಡಿದ ಸ್ಟೋರಿವೀವರ್ ತಾಣದಲ್ಲಿ ಕನ್ನಡದ ಚಿತ್ರಪುಸ್ತಕಗಳು ಉಚಿತವಾಗಿವೆ, ಇಳಿಸಿಕೊಂಡು ಮುದ್ರಿಸಬಹುದು. ಮೊಬೈಲಿನಲ್ಲೇ ತೋರಿಸುವುದಾದರೆ ಆರು ಇಂಚಿನ ಪರದೆಯಲ್ಲಿ ಸಣ್ಣ ವಿವರಗಳು ಕಾಣುವುದಿಲ್ಲ, ಮಗುವಿನ ಬೆರಳು ತಾಗಿದರೆ ಪುಟ ಹಾರುತ್ತದೆ. ಬೇಕಾದ ನಾಲ್ಕು ಪುಟವನ್ನಾದರೂ ಎ4 ಅಳತೆಗೆ ಕಲರ್ ಜೆರಾಕ್ಸ್ ತೆಗೆಸಿ.

ವಯಸ್ಸಿಗೆ ಎಷ್ಟು

ಎರಡು ವರ್ಷದೊಳಗೆ ಪುಟಕ್ಕೆ ಒಂದೇ ವಸ್ತು, ಹಿನ್ನೆಲೆ ಖಾಲಿ. ಮೂರಕ್ಕೆ ಒಂದು ಸಣ್ಣ ದೃಶ್ಯ, ಅದರಲ್ಲಿ ಹುಡುಕಲು ಒಂದೆರಡು. ನಾಲ್ಕು ಐದಕ್ಕೆ ‘ಎರಡರಲ್ಲಿ ವ್ಯತ್ಯಾಸವೇನು’, ‘ಇದಕ್ಕೆ ಮುಂಚೆ ಏನಾಗಿರಬಹುದು’. ಆರಾದ ಮೇಲೆ ಮಾತಿಲ್ಲದ ಪುಸ್ತಕವನ್ನೇ ಕೈಗಿಟ್ಟು ಕಥೆ ಹೇಳಲು ಬಿಡಬಹುದು. ಜಾತ್ರೆಯ ಹಾಗೆ ನೂರಾರು ತಲೆ ತುಂಬಿದ ಹುಡುಕುವ ಪುಸ್ತಕಗಳನ್ನು ಮೂರರ ಮಗುವಿಗೆ ಕೊಡಬೇಡಿ. ಕಣ್ಣು ಎಲ್ಲೂ ನಿಲ್ಲದೆ ಒಂದು ನಿಮಿಷದಲ್ಲಿ ಪುಸ್ತಕ ಮೂಲೆಗೆ ಬೀಳುತ್ತದೆ.

ತೋರಿಸುವ ಕ್ರಮ

ದಿನಕ್ಕೆ ಹತ್ತು ನಿಮಿಷ ಸಾಕು. ಮಗುವನ್ನು ಎದುರು ಕೂರಿಸಬೇಡಿ, ಅದಕ್ಕೆ ಚಿತ್ರ ತಲೆಕೆಳಗಾಗುತ್ತದೆ. ಪಕ್ಕದಲ್ಲೋ ತೊಡೆಯ ಮೇಲೋ ಇರಲಿ. ಕಿಟಕಿಯ ಬೆಳಕು ಪಕ್ಕದಿಂದ ಬೀಳಲಿ. ಟ್ಯೂಬ್‌ಲೈಟಿನ ಕೆಳಗೆ ನುಣುಪು ಕಾಗದ ಹೊಳೆದು ಚಿತ್ರದ ಅರ್ಧ ಬಿಳಿಯಾಗುತ್ತದೆ. ನಿಮ್ಮ ಕಣ್ಣಿನ ಎತ್ತರದಿಂದ ಅದು ಗೊತ್ತಾಗುವುದಿಲ್ಲ, ಮಗುವಿನ ಕಣ್ಣಿನ ಮಟ್ಟಕ್ಕೆ ಬಗ್ಗಿ ನೋಡಿ.

ಪುಟ ಬಿಡಿಸಿದ ಮೇಲೆ ಮನಸ್ಸಿನಲ್ಲೇ 15ರವರೆಗೆ ಎಣಿಸಿ. ಓದಬೇಡಿ, ಬೆರಳು ಇಡಬೇಡಿ. ಮಗು ಮೊದಲು ಎಲ್ಲಿ ಬೆರಳಿಡುತ್ತದೋ ಮಾತು ಅಲ್ಲಿಂದ ಶುರುವಾಗಲಿ. ಅದು ನಿಮಗೆ ಮುಖ್ಯವಲ್ಲದ ಚರಂಡಿಯಾದರೂ ಸರಿ.

ಕೇಳುವುದಕ್ಕೆ ಮೂರೇ ಪ್ರಶ್ನೆ ಸಾಕು. ‘ಇಲ್ಲೇನಾಗ್ತಿದೆ?’ ‘ಏನ್ ನೋಡಿ ಹಾಗನ್ನಿಸ್ತು?’ ‘ಇನ್ನೇನ್ ಕಾಣ್ತಿದೆ?’ ಅಮೆರಿಕದ ಮನಃಶಾಸ್ತ್ರಜ್ಞೆ ಅಬಿಗೇಲ್ ಹೌಸನ್ ಮತ್ತು ಮ್ಯೂಸಿಯಂ ಶಿಕ್ಷಕ ಫಿಲಿಪ್ ಯೆನವೈನ್ ಕಲಾಕೃತಿಗಳನ್ನು ನೋಡಿಸಲು ರೂಪಿಸಿದ ವಿಧಾನದ ತಿರುಳೂ ಇವೇ ಮೂರು ಪ್ರಶ್ನೆ. ಚಿತ್ರಪುಸ್ತಕಕ್ಕೂ ಸರಿಯಾಗಿ ಹೊಂದುತ್ತವೆ. ಮೂರರಲ್ಲಿ ಎರಡನೆಯದಕ್ಕೇ ತೂಕ ಹೆಚ್ಚು. ಕಣದಲ್ಲಿ ಕಾಫಿ ಒಣಹಾಕಿದ ಚಿತ್ರ ಅನ್ನಿ. ಮಗು ‘ಮಳೆ ಬರುತ್ತೆ’ ಅಂದರೆ ಹೌದು ಅಂತ ಮುಂದೆ ಹೋಗಬೇಡಿ.

‘ಏನ್ ನೋಡಿ ಹಾಗನ್ನಿಸ್ತು ಪುಟ್ಟ?’

‘ಅಜ್ಜಿ ಮೇಲೆ ನೋಡ್ತಾ ಇದೆ. ಮಾವ ಟಾರ್ಪಾಲು ಎಳೀತಾ ಇದಾನೆ.’

ಅನ್ನಿಸಿದ್ದನ್ನು ಕಂಡದ್ದಕ್ಕೆ ಕಟ್ಟುವುದು ಎಂದರೆ ಇದೇ. ಉತ್ತರ ತಪ್ಪಿದ್ದರೂ ಅದೇ ಪ್ರಶ್ನೆ ಕೇಳಿ. ಎಷ್ಟೋ ಸಲ ಮಗು ನೀವು ನೋಡದ ಮೂಲೆಯೊಂದನ್ನು ನೋಡಿ ಹೇಳಿರುತ್ತದೆ. ಅದು ಬರಿಯ ಹೆಸರು ಹೇಳಿದರೆ ನೀವು ಜಾಗ ಸೇರಿಸಿ ತಿರುಗಿ ಹೇಳಿ: ಕೋಳಿ ಅಂದರೆ ‘ಹೌದು, ಒರಳುಕಲ್ಲಿನ ಹಿಂದೆ ಕೋಳಿ’. ಮೇಲೆ, ಹಿಂದೆ, ಸಂದಿಯಲ್ಲಿ, ತುದಿಯಲ್ಲಿ ಎಂಬ ಮಾತುಗಳು ಸಿಕ್ಕಿದ ಹಾಗೆ ಕಣ್ಣು ಆ ಜಾಗಗಳಿಗೂ ಹೋಗುತ್ತದೆ.

ಚಿತ್ರ ದಟ್ಟವಾಗಿದ್ದರೆ ಕಿಂಡಿ ರಟ್ಟು ಮಾಡಿಕೊಳ್ಳಿ. ಹಳೇ ಲಗ್ನಪತ್ರಿಕೆಯ ನಡುವೆ 4 ಸೆಂ.ಮೀ. ಉದ್ದ, 4 ಸೆಂ.ಮೀ. ಅಗಲದ ಚೌಕ ಕತ್ತರಿಸಿದರೆ ಆಯಿತು. ಅದನ್ನು ಚಿತ್ರದ ಮೇಲೆ ಮೆಲ್ಲಗೆ ಸರಿಸುತ್ತ ಹೋಗಲು ಮಗುವಿಗೇ ಬಿಡಿ. ಒಂದು ಕಿವಿ ಮಾತ್ರ ಕಂಡಾಗ ಯಾರದ್ದಿರಬಹುದು ಎಂದು ಊಹಿಸಿ, ರಟ್ಟು ಎತ್ತಿ ನೋಡುವುದು ಮೂರರ ಮಕ್ಕಳಿಗೆ ಬಲು ಇಷ್ಟ.

ಮನೆಯಲ್ಲೇ ಮಾಡುವ ಪುಸ್ತಕ

ನಮ್ಮ ಕಾಫಿ ಸೀಮೆಯ ಮಗುವಿಗೆ ಗುರುತಿರುವ ತೋಟ, ಕಣ, ಸಂತೆ ಅಂಗಡಿಯ ಪುಸ್ತಕದಲ್ಲಿ ಸಿಗುವುದು ಕಡಿಮೆ. ಗುರುತಿರುವ ಜಾಗದ ಚಿತ್ರದಲ್ಲಿ ಮಗು ತಪ್ಪು ಹಿಡಿಯಬಲ್ಲದು, ಹಾಗಾಗಿ ಹೆಚ್ಚು ಹೊತ್ತು ನೋಡುತ್ತದೆ.

ಬೇಕಾದ್ದು ಎ4 ಡ್ರಾಯಿಂಗ್ ಹಾಳೆ 4 (120 ಜಿಎಸ್‌ಎಂ ದಪ್ಪದ್ದಿರಲಿ, ತೆಳು ಹಾಳೆಯಲ್ಲಿ ಸ್ಕೆಚ್ ಪೆನ್ ಹಿಂದಕ್ಕೆ ಮೂಡುತ್ತದೆ), ದಪ್ಪ ಸೂಜಿ, ದಪ್ಪ ನೂಲು. ನಾಲ್ಕನ್ನೂ ಒಂದರೊಳಗೊಂದು ಮಡಿಸಿದರೆ 16 ಪುಟ. ಬರೆಯುವ ಮುಂಚೆ ಪುಟಸಂಖ್ಯೆ ಹಾಕಿಕೊಳ್ಳಿ, ಆಮೇಲೆ ಹಾಳೆ ಬಿಡಿಸಿ. ಹಾಳೆಯ ಒಂದು ಬದಿಯಲ್ಲಿ ಬರುವ ಎರಡು ಪುಟಗಳ ಸಂಖ್ಯೆ ಕೂಡಿದರೆ ಯಾವಾಗಲೂ 17 ಬರಬೇಕು: 16 ಮತ್ತು 1, 2 ಮತ್ತು 15, ಹೀಗೆ. ಬರದಿದ್ದರೆ ಹಾಳೆ ಅದಲುಬದಲಾಗಿದೆ. ಒಂದೇ ಹಾಳೆಯಲ್ಲಿ ಎದುರುಬದುರಾಗುವುದು 8 ಮತ್ತು 9 ಮಾತ್ರ, ಆದ್ದರಿಂದ ದೊಡ್ಡ ದೃಶ್ಯವನ್ನು ಅಲ್ಲಿಗೇ ಇಟ್ಟುಕೊಳ್ಳಿ. ಬೇರೆ ಕಡೆ ಎರಡು ಪುಟಕ್ಕೆ ಹರಡಿದ ಚಿತ್ರ ನಡುವೆ ಕೂಡುವುದಿಲ್ಲ.

ಹೊಲಿಯಲು ಮಡಿಕೆಯ ಮೇಲೆ ಮೂರು ತೂತು. ನಡುವಿನ ತೂತಿನಿಂದ ಒಳಗಿಂದ ಹೊರಗೆ, ಮೇಲಿನದರಲ್ಲಿ ಒಳಗೆ, ನಡುವಿನದನ್ನು ಬಿಟ್ಟು ಕೆಳಗಿನದರಲ್ಲಿ ಹೊರಗೆ, ಮತ್ತೆ ನಡುವಿನದರಲ್ಲಿ ಒಳಗೆ. ಎರಡು ತುದಿಯ ನಡುವೆ ಉದ್ದ ನೂಲು ಸಿಕ್ಕುವಂತೆ ಗಂಟು ಹಾಕಿ. ಸ್ಟೇಪ್ಲರ್ ಪಿನ್ನು ಬೇಡ, ನಮ್ಮ ಮಳೆಗೆ ತುಕ್ಕು ಹಿಡಿಯುತ್ತದೆ, ಬೆರಳಿಗೂ ಚುಚ್ಚುತ್ತದೆ.

ದೃಶ್ಯ ಬರೆಯುವಾಗ ಮೂರು ಅಳತೆಯಲ್ಲಿ ಯೋಚಿಸಿ. ಬಿಡಿಸಿದ ಕೂಡಲೇ ಕಾಣುವ ದೊಡ್ಡದು ಒಂದು: ಹಣ್ಣು ಬಿಡಿಸುತ್ತಿರುವ ಅಮ್ಮ. ಎರಡನೇ ನೋಟಕ್ಕೆ ಕಾಣುವ ಮೂರು: ಗಿಡದ ಬುಡದಲ್ಲಿ ಊಟದ ಕ್ಯಾರಿಯರ್, ತೋಟದ ನೆರಳಿಗೆ ಬೆಳೆಸಿದ ಸಿಲ್ವರ್ (ಸಿಲ್ವರ್ ಓಕ್) ಮರಕ್ಕೆ ಹಬ್ಬಿದ ಮೆಣಸಿನ ಬಳ್ಳಿ, ಮಲಗಿದ ನಾಯಿ. ಹುಡುಕಿದರೆ ಮಾತ್ರ ಸಿಗುವ ನಾಲ್ಕೈದು: ಎಲೆಯಡಿಯ ಕೆಂಪಿರುವೆ ಗೂಡು, ಒಂದೇ ಕಾಲಿನ ಚಪ್ಪಲಿ, ಕ್ಯಾರಿಯರಿನ ಮುಚ್ಚಳ ಎಳೆಯುತ್ತಿರುವ ಕಾಗೆ. ಸಣ್ಣದು ಎಂದರೆ ಎಷ್ಟು ಸಣ್ಣ? ಒಂದು ಸೆಂಟಿಮೀಟರಿಗಿಂತ ಕಡಿಮೆ ಬೇಡ. ಬಚ್ಚಿಟ್ಟದ್ದಕ್ಕೂ ಕಥೆಗೂ ನಂಟಿರಲಿ. ಕಾಫಿ ಗಿಡದಲ್ಲಿ ಸುಮ್ಮನೆ ಗಡಿಯಾರ ನೇತುಹಾಕಿದರೆ ಅದು ಒಗಟಾಗುತ್ತದೆ, ಒಮ್ಮೆ ಸಿಕ್ಕ ಮೇಲೆ ಸತ್ತುಹೋಗುತ್ತದೆ. ಕಾಗೆ ಮುಂದಿನ ಪುಟದಲ್ಲಿ ಇಡ್ಲಿ ಕಚ್ಚಿಕೊಂಡು ಕೊಂಬೆ ಮೇಲೆ ಕೂತಿದ್ದರೆ ಮಗು ತಾನಾಗಿ ಹಿಂದಿನ ಪುಟಕ್ಕೆ ಮರಳುತ್ತದೆ. ಮಗು ಪುಟ ಹಿಂದಕ್ಕೆ ತಿರುಗಿಸಿತು ಎಂದರೆ ಪುಸ್ತಕ ಗೆದ್ದಿತು.

ಚಿತ್ರ ಬರೆಯಲು ಬಾರದವರು ಫೋಟೊ ಬಳಸಿ. ಒಂದೇ ಕಾಫಿ ರೆಕ್ಕೆಯನ್ನು (ಗಿಡದ ಅಡ್ಡ ಕೊಂಬೆ) ಒಂದೇ ಎತ್ತರ, ಒಂದೇ ದೂರದಿಂದ ನಾಲ್ಕು ಸಲ ತೆಗೆಯಿರಿ: ಹೂಮಳೆಗೆ, ಅಂದರೆ ಮೊಗ್ಗು ಅರಳಿಸುವ ಮಳೆಗೆ, ಮುಂಚಿನ ಮೊಗ್ಗು, ಮಳೆಯಾಗಿ 8–10 ದಿನಕ್ಕೆ ಅರಳಿದ ಬಿಳಿ ಹೂವು, ಮಳೆಗಾಲದ ಹಸಿರು ಕಾಯಿ, ಕುಯ್ಲಿನ ಕೆಂಪು ಹಣ್ಣು. ಹೂವು ಕೆಲವೇ ದಿನ ನಿಲ್ಲುವುದರಿಂದ ಆ ಫೋಟೊ ತಪ್ಪಿದರೆ ಮುಂದಿನ ವರ್ಷವೇ. ರೆಕ್ಕೆಗೆ ನೂಲು ಕಟ್ಟಿ ಗುರುತಿಡಿ, ಹಿಂದೆ ಬಿಳಿ ಪಂಚೆ ಹಿಡಿಸಿ. ಇಲ್ಲದಿದ್ದರೆ ಹಸಿರಿನಲ್ಲಿ ಹಸಿರು ಕಳೆದುಹೋಗುತ್ತದೆ. ನಾಲ್ಕನ್ನೂ ಬಿಡಿ ಕಾರ್ಡುಗಳಾಗಿ ಮಾಡಿ ಕಲಸಿ ಕೊಟ್ಟರೆ ಐದರ ಮಗು ಸಾಲಾಗಿ ಜೋಡಿಸಬಲ್ಲದು.

ಎತ್ತಿ ನೋಡುವ ಮುಚ್ಚಳದ ಪುಟಕ್ಕೆ ಸಿಲ್ವರ್ ಮರದ ಎಲೆಗಿಂತ ಒಳ್ಳೆಯದಿಲ್ಲ. ಮೇಲೆ ಹಸಿರು, ಮಗುಚಿದರೆ ಬೆಳ್ಳಿ. ಮುಚ್ಚಳದ ಹೊರಗೆ ಮೇಲ್ಮೈ, ಒಳಗೆ ಹಿಂಬದಿ ಬರೆಯಿರಿ ಅಥವಾ ಒಣಗಿಸಿದ ಎಲೆಯನ್ನೇ ಅಂಟಿಸಿ. ಆರೇಳು ವರ್ಷದವರಿಗೆ ಪಿಕಳಾರ ಹಕ್ಕಿಗಳ ಪುಟ. ನಮ್ಮಲ್ಲಿ ಎರಡು ಬಗೆಯವು ಸಾಮಾನ್ಯ, ಎರಡಕ್ಕೂ ಬಾಲದ ಬುಡದಲ್ಲಿ ಕೆಂಪು. ಮಕ್ಕಳು ಮೊದಲು ಆ ಕೆಂಪನ್ನೇ ಹಿಡಿದು ‘ಎರಡೂ ಒಂದೇ’ ಅನ್ನುತ್ತಾರೆ. ವ್ಯತ್ಯಾಸ ತಲೆಯಲ್ಲಿದೆ: ಕೆಮ್ಮೀಸೆಯದಕ್ಕೆ ಚೂಪು ಜುಟ್ಟು, ಬಿಳಿ ಕೆನ್ನೆ, ಕಣ್ಣ ಹಿಂದೆ ಕೆಂಪು ಚುಕ್ಕೆ, ಇನ್ನೊಂದರ ತಲೆ ಕಪ್ಪು, ಜುಟ್ಟು ಮೋಟು. ಎದ್ದು ಕಾಣುವ ಗುರುತು ಯಾವಾಗಲೂ ಉಪಯೋಗದ ಗುರುತಲ್ಲ ಎಂದು ಬಾಯಲ್ಲಿ ಹೇಳದೆ ಕಲಿಸುವ ಪುಟವಿದು.

ವ್ಯತ್ಯಾಸ ಹುಡುಕುವ ಜೋಡಿ ಚಿತ್ರಕ್ಕೆ ಮೊಬೈಲನ್ನು ಡಬ್ಬಕ್ಕೆ ಒರಗಿಸಿ ಅಲುಗದಂತೆ ಇಟ್ಟು ಅಡುಗೆಮನೆ ಕಟ್ಟೆಯ ಫೋಟೊ ತೆಗೆಯಿರಿ, ವಸ್ತು ಸರಿಸಿ ಇನ್ನೊಂದು ತೆಗೆಯಿರಿ. ನಾಲ್ಕು ವರ್ಷಕ್ಕೆ ಮೂರು ಬದಲಾವಣೆ, ಐದಕ್ಕೆ ಐದು. ನಡುವೆ ಮೊಬೈಲು ಅಲುಗಿದರೆ ಎಲ್ಲವೂ ಬೇರೆಯಾಗಿ ಕಾಣುತ್ತದೆ, ಆಟ ಕೆಡುತ್ತದೆ.

ಹಳೇಬೀಡಿನ ಗೋಡೆ

ಹತ್ತಿರದಲ್ಲಿ ಹೊಯ್ಸಳೇಶ್ವರ ದೇವಸ್ಥಾನ ಇರುವಾಗ ಅದನ್ನು ಬಿಡುವುದುಂಟೇ? ಬೇಲೂರು, ಸೋಮನಾಥಪುರಗಳ ಜೊತೆ 2023ರಲ್ಲಿ ಯುನೆಸ್ಕೊ ವಿಶ್ವ ಪರಂಪರೆ ಪಟ್ಟಿಗೆ ಸೇರಿದ ಈ ಗುಡಿಯ ತಳದ ಪಟ್ಟಿಕೆಗಳು ಮಗುವಿನ ಕಣ್ಣಿನ ಎತ್ತರಕ್ಕೇ ಬರುತ್ತವೆ. ಕೆಳಗಿನಿಂದ ಆನೆ, ಸಿಂಹ, ಬಳ್ಳಿ, ಕುದುರೆ, ಮತ್ತೆ ಬಳ್ಳಿ, ಪುರಾಣದ ಕಥೆಗಳು, ಮಕರ, ಹಂಸ. ಇಡೀ ಗುಡಿ ಸುತ್ತಿಸಿದರೆ ಏನೂ ಉಳಿಯುವುದಿಲ್ಲ. ಒಂದು ಮೀಟರ್ ಆನೆ ಸಾಲು ಆರಿಸಿಕೊಂಡು ನಿಲ್ಲಿ. ಸೊಂಡಿಲು ಎತ್ತ ತಿರುಗಿದೆ, ಯಾವ ಕಾಲು ಎತ್ತಿದೆ, ಮೇಲೆ ಯಾರಿದ್ದಾರೆ, ಎಲ್ಲಿ ಮುಕ್ಕಾಗಿದೆ? ಗುಡಿ ಪೂರ್ವಕ್ಕೆ ಮುಖ ಮಾಡಿದೆ. ಪೂರ್ವದ ಗೋಡೆಗೆ ಬೆಳಿಗ್ಗೆ, ಪಶ್ಚಿಮದ ಗೋಡೆಗೆ ಮಧ್ಯಾಹ್ನ ಮೂರರ ನಂತರ ಹೋಗಿ. ಓರೆ ಬಿಸಿಲಿನ ನೆರಳಿನಲ್ಲೇ ಕೆತ್ತನೆ ಎದ್ದು ಕಾಣುವುದು. ಮುಟ್ಟಲು ಬಿಡಬೇಡಿ. ಅದೇ ಸಾಲಿನ ಫೋಟೊ ಮುದ್ರಿಸಿ ಪುಸ್ತಕಕ್ಕೆ ಸೇರಿಸಿದರೆ ಮನೆಯಲ್ಲಿ ಮತ್ತೊಮ್ಮೆ ನೋಡಬಹುದು.

ಕೆಡುವುದು ಎಲ್ಲಿ

ಬಹಳ ಸಲ ಕೆಡುವುದು ದೊಡ್ಡವರ ತೋರುಬೆರಳಿನಿಂದ. ‘ನೋಡು, ಇಲ್ಲಿದೆ’ ಅಂದರೆ ಮಗು ಮುಂದಿನ ಪುಟದಲ್ಲಿ ಚಿತ್ರ ಬಿಟ್ಟು ನಿಮ್ಮ ಬೆರಳನ್ನೇ ಕಾಯುತ್ತದೆ. ಸಿಗದಿದ್ದರೆ ‘ಪುಟದ ಕೆಳಭಾಗದಲ್ಲಿ’ ಎಂದಷ್ಟು ಸುಳಿವು ಕೊಡಿ, ಅಥವಾ ನಾಳೆಗೆ ಬಿಡಿ. ಎಷ್ಟು ಬೇಗ ಹುಡುಕಿತು ಎಂದು ಹೊಗಳಿದರೆ ಅವಸರ ಕಲಿಯುತ್ತದೆ. ಏನು ಕಂಡಿತೋ ಅದನ್ನೇ ಹೇಳಿ ಮೆಚ್ಚಿ. ಅಕ್ಕನೋ ಅಣ್ಣನೋ ಮೊದಲೇ ಉತ್ತರ ಹೇಳಿಬಿಡುವ ಮನೆಯಲ್ಲಿ ಆ ದೊಡ್ಡ ಮಕ್ಕಳಿಗೆ ಬೇರೆ ಕೆಲಸ ಕೊಡಿ: ಒಂದು ನಿಮಿಷ ಪುಟ ನೋಡಿ, ಮುಚ್ಚಿ, ನೆನಪಿನಿಂದ ಬರೆಯುವುದು. ಅಂಗನವಾಡಿಯಲ್ಲಿ ಇಪ್ಪತ್ತು ಮಕ್ಕಳಿಗೆ ಒಂದೇ ಪುಸ್ತಕ ಎತ್ತಿ ಹಿಡಿದರೆ ಹಿಂದಿನ ಸಾಲಿಗೆ ಬಣ್ಣದ ಕಲೆ ಮಾತ್ರ ಕಾಣುತ್ತದೆ. ನಾಲ್ಕೈದು ಜನರ ಗುಂಪು ಮಾಡಿ ಸರದಿಯಲ್ಲಿ ಕೂರಿಸಿ. ಮಗು ಅದೇ ಪುಸ್ತಕ ಮತ್ತೆ ಕೇಳಿದರೆ ಬೇಸರ ಬೇಡ, ಮೂರನೇ ಸಲಕ್ಕೇ ಸಣ್ಣ ವಿವರಗಳು ಹೊರಗೆ ಬರುವುದು.

ಹಸಿರು ಎಲೆಯ ನಡುವಿನ ಕೆಂಪು ಹಣ್ಣು ಒಂದು ಮಗುವಿಗೆ ಮತ್ತೆ ಮತ್ತೆ ತಪ್ಪುತ್ತಿದ್ದರೆ ಗದರಬೇಡಿ. ಕೆಂಪು–ಹಸಿರು ಬೇರೆಯಾಗಿ ಕಾಣದ ತೊಂದರೆ ಹುಟ್ಟಿನಿಂದ ಬರಬಹುದು, ಗಂಡುಮಕ್ಕಳಲ್ಲಿ ಹೆಚ್ಚು. ಪುಸ್ತಕವನ್ನು ಮೂಗಿನ ಹತ್ತಿರ ಹಿಡಿಯುವುದು, ತಲೆ ಒಂದೇ ಕಡೆ ವಾಲಿಸಿ ನೋಡುವುದು ಕಂಡರೂ ಕಣ್ಣಿನ ವೈದ್ಯರಿಗೆ ತೋರಿಸಿ.

ಮಳೆಗಾಲದ ಮಾತೊಂದು ಉಳಿಯಿತು. ಮನೆಯ ಇಂಕ್‌ಜೆಟ್ ಪ್ರಿಂಟು ಒದ್ದೆ ಬೆರಳಿಗೆ ಕಲಸಿಹೋಗುತ್ತದೆ, ಜೆರಾಕ್ಸ್ ಅಂಗಡಿಯ ಲೇಸರ್ ಪ್ರಿಂಟು ತಡೆಯುತ್ತದೆ. ಲ್ಯಾಮಿನೇಷನ್ ಮಾಡಿಸುವುದಾದರೆ ಹೊಳೆಯದ ಮ್ಯಾಟ್ ಹಾಳೆ ಕೇಳಿ, ಚೂಪು ಮೂಲೆಗಳನ್ನು ದುಂಡಗೆ ಕತ್ತರಿಸಿ. ಲ್ಯಾಮಿನೇಟ್ ಆದ ಹಾಳೆ ಮಡಿಕೆಗೆ ಸೀಳುತ್ತದೆ, ಅದನ್ನು ಬಿಡಿ ಹಾಳೆಯಾಗಿಟ್ಟು ಸ್ಪೈರಲ್ ಹಾಕಿಸಬೇಕು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಪುಸ್ತಕಗಳನ್ನು ಗೋಡೆಗೆ ತಾಗಿಸಿ ಒತ್ತಾಗಿ ಜೋಡಿಸಬೇಡಿ, ಬೂಷ್ಟು ಹಿಡಿಯುತ್ತದೆ. ಹಿಡಿದರೆ ಹೊರಗೆ ಒಯ್ದು ಒಣ ಬಟ್ಟೆಯಲ್ಲಿ ಒರೆಸಿ, ನೆರಳಲ್ಲಿ ಗಾಳಿಗೆ ಪುಟ ಬಿಡಿಸಿ ನಿಲ್ಲಿಸಿ. ನೇರ ಬಿಸಿಲಿಗಿಟ್ಟರೆ ರಟ್ಟು ಸೊಟ್ಟಗಾಗುತ್ತದೆ.