ಫ್ರೀಸ್ಟೈಲ್ ಮೋಟೋಕ್ರಾಸ್‌ಗೆ ಅಂಕ ಹಾಕುವುದು: ನಾನು ಅನುಸರಿಸುವ ಕ್ರಮ

ಮೋಟೋಕ್ರಾಸ್ ರೇಸಿನಲ್ಲಿ ಮೊದಲು ಗೆರೆ ದಾಟಿದವನು ಗೆದ್ದ, ಮಾತು ಮುಗಿಯಿತು. ಫ್ರೀಸ್ಟೈಲ್ ಎಂದರೆ ರ‍್ಯಾಂಪ್‌ನಿಂದ ಬೈಕ್ ಹಾರಿಸಿ ಗಾಳಿಯಲ್ಲಿ ಟ್ರಿಕ್ ಮಾಡಿ ತೋರಿಸುವುದು; ಅಲ್ಲಿ ಗಡಿಯಾರ ಇರುವುದು ರನ್, ಅಂದರೆ ಒಬ್ಬ ರೈಡರ್‌ನ ಸರದಿ, ಮುಗಿಯಿತೆಂದು ಹೇಳುವುದಕ್ಕೆ ಮಾತ್ರ. ಉಳಿದದ್ದೆಲ್ಲ ಜಡ್ಜ್‌ಗಳ ಕಣ್ಣಿನ ಮೇಲೆ ನಿಂತಿದೆ. ನೂರಕ್ಕೆ ಇಷ್ಟು ಎಂದು ನಾವು ಕೊಡುವ ಅಂಕಕ್ಕೆ ತನ್ನದೇ ಆದ ತೂಕವೇನೂ ಇಲ್ಲ. 87 ಎಂದರೆ 86ರವನಿಗಿಂತ ಮೇಲೆ, 88ರವನಿಗಿಂತ ಕೆಳಗೆ, ಅಷ್ಟೇ. ಇದು ತಲೆಗೆ ಹತ್ತದ ಜಡ್ಜ್ ಮೊದಲ ಮೂರು ರೈಡರ್‌ಗಳಿಗೇ ಅಂಕವೆಲ್ಲ ಖರ್ಚು ಮಾಡಿ, ಕೊನೆಯವರಿಗೆ ಕೊಡಲು ಏನೂ ಇಲ್ಲದೆ ಕೂರುತ್ತಾನೆ.

ಕೂರುವ ಜಾಗದಿಂದಲೇ ಕೆಲಸ ಶುರು. ರ‍್ಯಾಂಪ್‌ನ ತುದಿಯಿಂದ ಲ್ಯಾಂಡಿಂಗ್‌ವರೆಗೆ ಸಾಮಾನ್ಯವಾಗಿ 75 ಅಡಿ, ಅಂದರೆ 23 ಮೀಟರ್‌ನಷ್ಟು ಅಂತರ. ಈ ಅಂತರಕ್ಕೆ ಅಡ್ಡಲಾಗಿ, ಲ್ಯಾಂಡಿಂಗ್ ಕಡೆಗೆ ಸ್ವಲ್ಪ ಸರಿದ ಜಾಗವನ್ನೇ ನಾನು ಕೇಳುತ್ತೇನೆ. ಸೂಪರ್‌ಮ್ಯಾನ್ ಎಂದರೆ ಹ್ಯಾಂಡಲ್ ಹಿಡಿದು ಮೈಯನ್ನು ಹಿಂದಕ್ಕೆ ಚಾಚುವ ಟ್ರಿಕ್; ಎದುರಿನಿಂದ ನೋಡಿದರೆ ಪೂರ್ತಿ ಚಾಚಿದ ಸೂಪರ್‌ಮ್ಯಾನ್‌ಗೂ ಮೊಣಕಾಲು ಮಡಚಿದ ಸೂಪರ್‌ಮ್ಯಾನ್‌ಗೂ ವ್ಯತ್ಯಾಸ ಕಾಣುವುದಿಲ್ಲ. ಆಯೋಜಕರು ಪ್ರಾಯೋಜಕರ ಫಲಕಕ್ಕೆ ಒಳ್ಳೆಯ ಜಾಗ ಬಿಟ್ಟು ಜಡ್ಜ್‌ಗಳನ್ನು ಮೂಲೆಗೆ ತಳ್ಳುವುದು ಹೊಸತಲ್ಲ. ಆಗ ಪಕ್ಕದಿಂದ ತೆಗೆದ ವಿಡಿಯೋದ ಪರದೆಯನ್ನಾದರೂ ಹಟ ಹಿಡಿದು ಹಾಕಿಸಿಕೊಳ್ಳಬೇಕು. ಸ್ಲೋ ಮೋಷನ್ ಬಳಸುವುದು ಕೈ ಬಿಟ್ಟನೋ ಇಲ್ಲವೋ ಎಂದು ಖಚಿತ ಮಾಡಿಕೊಳ್ಳಲು ಮಾತ್ರ. ನಿಧಾನಗತಿಯಲ್ಲಿ ಎಲ್ಲ ಟ್ರಿಕ್ಕೂ ಇರುವುದಕ್ಕಿಂತ ಚೆಂದವಾಗಿಯೇ ಕಾಣುತ್ತದೆ.

ಅಭ್ಯಾಸದ ಹೊತ್ತಿನಲ್ಲಿ ಬೈಕ್‌ಗಳ ಹತ್ತಿರ ಹೋಗಿ ನೋಡುತ್ತೇನೆ. ಸೀಟಿನ ಕೆಳಗೆ ಸೈಡ್ ಪ್ಯಾನೆಲ್‌ನಲ್ಲಿ ಕೈ ತೂರಿಸಲು ಕೊರೆದ ಗ್ರ್ಯಾಬ್ ಹೋಲ್, ಹ್ಯಾಂಡಲ್‌ಬಾರ್ ಮೇಲೆ ಮಡಚಿ ಬಿಡಿಸುವ ಫ್ಲಿಪ್ ಲಿವರ್, ಹ್ಯಾಂಡಲ್ ಅತ್ತಿತ್ತ ತಿರುಗದಂತೆ ತಡೆಯಲು ಬಿಗಿ ಮಾಡಿದ ಸ್ಟೀರಿಂಗ್ ಡ್ಯಾಂಪರ್ ಕಂಡರೆ ಅವನು ಯಾವ ಟ್ರಿಕ್‌ಗೆ ತಯಾರಾಗಿ ಬಂದಿದ್ದಾನೆ ಎಂಬ ಅಂದಾಜು ಸಿಗುತ್ತದೆ. ಆದರೆ ಅಭ್ಯಾಸದಲ್ಲಿ ನೋಡಿದ ಟ್ರಿಕ್ ಅಂಕದೊಳಗೆ ನುಸುಳಬಾರದು. ಬೆಳಿಗ್ಗೆ ಅದ್ಭುತವಾಗಿ ಮಾಡಿದವನು ಸಂಜೆ ಅರ್ಧಕ್ಕೆ ಕೈಬಿಟ್ಟರೂ ನಮ್ಮ ಕಣ್ಣು ಬೆಳಗಿನದನ್ನೇ ಸೇರಿಸಿ ನೋಡುವ ಅಪಾಯವಿದೆ. ಹೆಸರುವಾಸಿ ರೈಡರ್‌ಗಳಿಗೆ ಸಿಗುವ ಪುಕ್ಕಟೆ ಅಂಕ ಹೆಚ್ಚಾಗಿ ಹೀಗೆಯೇ ಬರುತ್ತದೆ.

ರನ್ ನಡೆಯುವಾಗ ಅಂಕದ ಯೋಚನೆಯೇ ಬೇಡ, ಬರೆದುಕೊಳ್ಳುವುದಷ್ಟೇ. ಗಾಳಿಯಲ್ಲಿರುವುದು ಎರಡು, ಎರಡೂವರೆ ಸೆಕೆಂಡು. ಮುಂದಿನ ರ‍್ಯಾಂಪ್‌ಗೆ ತಿರುಗಿ ಬರುವಷ್ಟರಲ್ಲಿ ಒಂದು ಸಾಲು ಗೀಚಬೇಕು. ಸೀಟ್ ಗ್ರ್ಯಾಬ್‌ಗೆ ‘ಸೀ’, ಕ್ಲಿಫ್‌ಹ್ಯಾಂಗರ್‌ಗೆ ‘ಕ್ಲಿ’, ಫ್ಲಿಪ್ (ಬೈಕ್ ಸಮೇತ ಗಾಳಿಯಲ್ಲಿ ಪಲ್ಟಿ) ಜೊತೆಗಿದ್ದರೆ ಸುತ್ತ ಒಂದು ಸೊನ್ನೆ. ಚೆನ್ನಾಗಿ ಚಾಚಿದರೆ ಪಕ್ಕದಲ್ಲಿ ಅಧಿಕ ಚಿಹ್ನೆ, ಅವಸರದಲ್ಲಿ ಮುಗಿಸಿದರೆ ಋಣ ಚಿಹ್ನೆ. ಟ್ರಿಕ್ಕೇ ಇಲ್ಲದೆ ಸುಮ್ಮನೆ ಹಾರಿದರೆ ‘ಖಾಲಿ’. ಕಾಗದದತ್ತ ತಲೆ ತಗ್ಗಿಸದೆ ಬರೆಯುವುದು ರೂಢಿಯಾಗದಿದ್ದರೆ ಪಕ್ಕದಲ್ಲಿ ಬರೆದುಕೊಳ್ಳುವವರೊಬ್ಬರನ್ನು ಕೂರಿಸಿಕೊಂಡು ಬಾಯಲ್ಲಿ ಹೇಳುತ್ತಾ ಹೋಗುವುದೇ ವಾಸಿ.

ಒಂದು ಟ್ರಿಕ್‌ನಲ್ಲಿ ನೋಡುವುದೇನು? ಟ್ರಿಕ್‌ನ ಹೆಸರಿಗಿಂತ ಮೊದಲು ಚಾಚು, ಅಂದರೆ ಮೈ ಎಷ್ಟು ಚಾಚಿದೆ ಎಂಬುದು. ಸೀಟ್ ಗ್ರ್ಯಾಬ್‌ನಲ್ಲಿ ತೋಳು ನೆಟ್ಟಗಾಗಿ, ಸೊಂಟ ಸೀಟಿನಿಂದ ದೂರ ಹೋಗಿ, ಎರಡು ಕಾಲೂ ಹಿಂದಕ್ಕೆ ಒಂದೇ ಗೆರೆಯಲ್ಲಿ ಬರಬೇಕು. ಕ್ಲಿಫ್‌ಹ್ಯಾಂಗರ್‌ನಲ್ಲಿ ಪಾದ ಹ್ಯಾಂಡಲ್‌ಬಾರ್ ಕೆಳಗೆ ಸಿಕ್ಕಿಸಿ ಮೈ ಪೂರ್ತಿ ನಿಲ್ಲಬೇಕು, ಕೈ ತಲೆಯ ಮೇಲಿರಬೇಕು. ಮೊಣಕಾಲು ಬಗ್ಗಿದ್ದರೆ ಅದು ಅರ್ಧ ಕ್ಲಿಫ್‌ಹ್ಯಾಂಗರ್. ರಾಕ್ ಸಾಲಿಡ್‌ನಲ್ಲಿ ಸೀಟ್ ಹಿಡಿದು ಚಾಚಿದ ಮೇಲೆ ಎರಡೂ ಕೈ ಬಿಡಬೇಕು, ಬೈಕ್‌ಗೂ ಕೈಗೂ ನಡುವೆ ಬೆಳಕು ಕಾಣಬೇಕು. ಬೆರಳು ಸಡಿಲಿಸಿ ಕೂಡಲೇ ಹಿಡಿದರೆ ಪ್ರೇಕ್ಷಕರು ಕೂಗುತ್ತಾರೆ, ನಾನು ಬರೆಯುವುದು ಋಣ ಚಿಹ್ನೆ.

ಎರಡನೆಯದು, ಟ್ರಿಕ್ ಎಷ್ಟು ಹೊತ್ತು ನಿಂತಿತು ಎಂಬುದು. ಹಾರಾಟದ ನೆತ್ತಿ ದಾಟಿ ಬೈಕ್ ಇಳಿಮುಖವಾದ ಮೇಲೂ ಹಿಡಿದುಕೊಂಡಿದ್ದು, ನಂತರ ಗಡಿಬಿಡಿ ಇಲ್ಲದೆ ಪಾದ ಫುಟ್‌ಪೆಗ್ (ಕಾಲಿಡುವ ಕಂಬಿ) ಮೇಲೆ ಬಂದು ಕೂತರೆ ಅದಕ್ಕೆ ಬೆಲೆ ಹೆಚ್ಚು. ನೆಲ ಮುಟ್ಟುವಾಗ ಒಂದು ಕಾಲು ಪೆಗ್ ತಪ್ಪಿದ್ದರೆ, ಬೈಕ್ ಲ್ಯಾಂಡಿಂಗ್‌ನ ಅಂಚಿಗೆ ಬಡಿದರೆ, ಇಳಿಜಾರು ದಾಟಿ ಸಮತಟ್ಟಿಗೆ ಬಿದ್ದರೆ ಅಂಕ ಇಳಿಯಬೇಕು. ಬೇಕೆಂದೇ ಕೈ ಬಿಟ್ಟು ಇಳಿಯುವುದು ಬೇರೆ, ಅದು ಹೆಚ್ಚುವರಿ. ಯಾವುದು ಉದ್ದೇಶ, ಯಾವುದು ಪ್ರಮಾದ ಎಂದು ತಿಳಿಯಲು ಕಣ್ಣು ಪಳಗಿರಬೇಕು.

ಬ್ಯಾಕ್‌ಫ್ಲಿಪ್ ವಿಚಾರಕ್ಕೆ ಬಂದರೆ ಅಂಕದ ಲೆಕ್ಕ ಕಾಲದೊಂದಿಗೆ ಬದಲಾಗುತ್ತಲೇ ಇದೆ. 2002ರ ಎಕ್ಸ್ ಗೇಮ್ಸ್ ಎಂಬ ಸಾಹಸ ಕ್ರೀಡಾಕೂಟದಲ್ಲಿ ಮೈಕ್ ಮೆಟ್ಜ್‌ಗರ್ ಒಂದರ ಹಿಂದೊಂದು ಎರಡು ಬ್ಯಾಕ್‌ಫ್ಲಿಪ್ ಹಾಕಿ ಚಿನ್ನ ಗೆದ್ದಾಗ ಬರೀ ಫ್ಲಿಪ್ಪೇ ದೊಡ್ಡ ಸುದ್ದಿ. ಇಂದು ಬರೀ ಫ್ಲಿಪ್ ‘ಖಾಲಿ’ಗಿಂತ ಎರಡು ಮೆಟ್ಟಿಲು ಮೇಲೆ, ಅಷ್ಟೇ, ತಲೆಕೆಳಗಾಗಿದ್ದಾಗ ಏನು ಮಾಡಿದ ಎಂಬುದೇ ಪ್ರಶ್ನೆ. ಹಾಗೆಂದು ಫ್ಲಿಪ್ ಇಲ್ಲದ್ದೆಲ್ಲ ಕೀಳೆಂದು ತಿಳಿಯಬೇಡಿ. 2007ರಲ್ಲಿ ಕೈಲ್ ಲೋಝಾ ಅಲ್ಲೇ ಬೆಸ್ಟ್ ಟ್ರಿಕ್ (ಅತ್ಯುತ್ತಮ ಟ್ರಿಕ್‌ನ ಸ್ಪರ್ಧೆ) ಚಿನ್ನ ಗೆದ್ದದ್ದು ವೋಲ್ಟ್ ಎಂಬ ಟ್ರಿಕ್‌ನಿಂದ. ಅದರಲ್ಲಿ ಬೈಕ್ ಪಲ್ಟಿ ಹೊಡೆಯುವುದಿಲ್ಲ, ತಿರುಗುವುದು ರೈಡರ್‌ನ ಮೈ. ಬೈಕಿನಿಂದ ಬೇರ್ಪಟ್ಟು ಮತ್ತೆ ಹಿಡಿಯುವ ಕಷ್ಟವನ್ನು ಫ್ಲಿಪ್‌ನ ತಕ್ಕಡಿಯಲ್ಲಿ ತೂಗಲಾಗದು.

ಇಡೀ ರನ್‌ಗೆ ಅಂಕ ಕೊಡುವಾಗ ನನ್ನ ಗೀಚುಗಳನ್ನು ಒಮ್ಮೆ ಮೇಲಿಂದ ಕೆಳಗೆ ಓದುತ್ತೇನೆ. ಒಂದೇ ಟ್ರಿಕ್ ಎರಡು ಸಲ ಬಂದಿದ್ದರೆ ಎರಡನೆಯದಕ್ಕೆ ಬೆಲೆ ಇಲ್ಲ. ಬರೀ ಸೀಟ್ ಗ್ರ್ಯಾಬ್‌ನ ಜಾತಿಯವೇ ಇದ್ದರೆ ವೈವಿಧ್ಯ ಕಡಿಮೆ. ಕಷ್ಟದ ರ‍್ಯಾಂಪ್ ಬಿಟ್ಟು ಅಭ್ಯಾಸವಾದ ಒಂದರಲ್ಲೇ ಸುತ್ತಿದ್ದಾನೆಯೇ ಎಂಬುದೂ ಅಲ್ಲೇ ಕಾಣುತ್ತದೆ. ‘ಖಾಲಿ’ ಒಂದಿದ್ದರೂ ನನ್ನ ಪಟ್ಟಿಯಲ್ಲಿ ಅದು ದುಬಾರಿ, ಏಕೆಂದರೆ 90 ಸೆಕೆಂಡಿನ ರನ್‌ನಲ್ಲಿ ಸಿಗುವ ಹಾರಾಟಗಳೇ ಕೆಲವು.

ಮೊದಲ ರೈಡರ್‌ನ ಅಂಕವೇ ಅತ್ಯಂತ ಕಷ್ಟ. ಒಳ್ಳೆಯ ರನ್ ಆಗಿದ್ದರೂ ನಾನು 80ರ ಆಸುಪಾಸಿನಲ್ಲೇ ನಿಲ್ಲುತ್ತೇನೆ. ಪ್ರೇಕ್ಷಕರು ಗೊಣಗಿದರೂ ಚಿಂತೆಯಿಲ್ಲ, ಮೇಲೆ ಜಾಗ ಉಳಿಯಬೇಕು. 2006ರಲ್ಲಿ ಟ್ರಾವಿಸ್ ಪಾಸ್ಟ್ರಾನಾ ಡಬಲ್ ಬ್ಯಾಕ್‌ಫ್ಲಿಪ್ ಹಾಕಿದಾಗ ಬಂದ 98.60ರಂಥ ಅಂಕ ಅಂಥ ದಿನಕ್ಕೆಂದೇ ಮೀಸಲು. ಪ್ರತಿಯೊಬ್ಬರ ಅಂಕ ಬರೆಯುವ ಮುಂಚೆ ಕೇಳಿಕೊಳ್ಳುವ ಪ್ರಶ್ನೆ ಒಂದೇ: ಈವರೆಗಿನವರಲ್ಲಿ ಇವನು ಯಾರ ಮೇಲೆ, ಯಾರ ಕೆಳಗೆ? ಅಂಕ ಆ ಸಂದಿನಲ್ಲಿ ತಾನಾಗಿ ಕೂರುತ್ತದೆ.

ಐವರು ಜಡ್ಜ್‌ಗಳಿದ್ದಾಗ ಅತಿ ಹೆಚ್ಚಿನದನ್ನೂ ಅತಿ ಕಡಿಮೆಯದನ್ನೂ ಬಿಟ್ಟು ಉಳಿದ ಮೂರರ ಸರಾಸರಿ ತೆಗೆಯುವುದನ್ನು ನಾನು ಬಲವಾಗಿ ಒಪ್ಪುತ್ತೇನೆ. ಲೆಕ್ಕ ನೋಡಿ. ಒಬ್ಬನಿಗೆ 84, 86, 87, 88, 93. ತುದಿಗಳೆರಡನ್ನು ತೆಗೆದರೆ 87.00. ಇನ್ನೊಬ್ಬನಿಗೆ 86, 87, 87, 88, 88, ಅವನಿಗೆ 87.33. ಎರಡನೆಯವನು ಗೆದ್ದ. ಐದನ್ನೂ ಕೂಡಿಸಿದ್ದರೆ ಮೊದಲನೆಯವನಿಗೆ 87.60, ಎರಡನೆಯವನಿಗೆ 87.20 ಆಗಿ ಫಲಿತಾಂಶ ತಲೆಕೆಳಗು. ಒಬ್ಬ ಜಡ್ಜ್ ಕೊಟ್ಟ 93 ಎಂಬ ಅಂಕವೇ ಪದಕ ಯಾರಿಗೆಂದು ತೀರ್ಮಾನಿಸಬಾರದು.

ಇನ್ನುಳಿದವನ್ನು ರೈಡರ್‌ಗಳ ಸಭೆಯಲ್ಲೇ ಬಾಯಿಬಿಟ್ಟು ಹೇಳಿಬಿಡಬೇಕು. ಹಾರ್ನ್ ಆಗುವ ಮೊದಲು ರ‍್ಯಾಂಪ್ ಬಿಟ್ಟಿದ್ದರೆ ಆ ಹಾರಾಟ ಲೆಕ್ಕಕ್ಕೆ ಉಂಟೋ ಇಲ್ಲವೋ, ಬಿದ್ದ ಮೇಲೆ ರನ್ ಮುಂದುವರಿಸಬಹುದೋ, ಸಮ ಅಂಕ ಬಂದರೆ ಯಾರ ಅತ್ಯುತ್ತಮ ಟ್ರಿಕ್ ಮೇಲು ಎಂದು ನೋಡುತ್ತೇವೋ ಅಥವಾ ಬಿಟ್ಟ ತುದಿ ಅಂಕಗಳನ್ನು ಮತ್ತೆ ಸೇರಿಸುತ್ತೇವೋ. ಗಾಳಿ ಜೋರಾಗಿದ್ದಾಗ ಫ್ಲಿಪ್ ಬಿಟ್ಟು ಹಾರಿದವನನ್ನು ಹೇಡಿ ಎಂದು ಅಳೆಯಬಾರದು, ಹಾಗೆಂದು ಮಾಡದ ಟ್ರಿಕ್‌ಗೆ ಅಂಕವೂ ಇಲ್ಲ. ಗಾಳಿ ಅಷ್ಟು ಕೆಟ್ಟದಿದ್ದರೆ ಮುಖ್ಯ ಜಡ್ಜ್ ಸ್ಪರ್ಧೆಯನ್ನೇ ತಡೆಹಿಡಿಯಲು ಹೇಳಬೇಕು. ರನ್ ಮುಗಿದ ಮೇಲೆ ರೈಡರ್ ಕಾರಣ ಕೇಳಿಕೊಂಡು ಬಂದರೆ ಅಂಕದ ಬದಲು ಗೀಚಿದ ಹಾಳೆ ತೋರಿಸಿ: ಮೂರನೇ ಹಾರಾಟ ಖಾಲಿ, ಐದನೆಯದರಲ್ಲಿ ಎಡಗಾಲು ಪೆಗ್ ತಪ್ಪಿತ್ತು. ಜಗಳ ಅಷ್ಟಕ್ಕೇ ಕಡಿಮೆಯಾಗುತ್ತದೆ.