ಟಿಪ್ಸ್ ಬೇರೆ, ಸಂಬಳ ಬೇರೆ: ಸಪ್ಲೈಯರ್ ಲೆಕ್ಕ ಹಿಡಿಯೋದು ಹೇಗೆ

ಗಂಗಾವತಿಯಲ್ಲಿ ಹೋಟೆಲ್ ಸಪ್ಲೈಯರ್ ನಾನು. ಸಂಬಳ ಜಾಸ್ತಿ ಕೇಳಿದರೆ "ಟಿಪ್ಸ್ ಬರುತ್ತಲ್ಲಪ್ಪ" ಅನ್ನೋದು ಸಾಹುಕಾರರ ಖಾಯಂ ಉತ್ತರ. ಅಮೆರಿಕದ ಕೇಂದ್ರ ಕಾನೂನಿನಲ್ಲಿ ಈ ಮಾತು ನಡೆಯುತ್ತೆ. ಅಲ್ಲಿ ಟಿಪ್ಸ್ ಬರುವವರಿಗೆ ಮಾಲೀಕರು ಗಂಟೆಗೆ 2.13 ಡಾಲರ್ ಕೊಟ್ಟರೂ ಆಯ್ತು, 1991ರಿಂದ ಅದೇ ದರ. ಟಿಪ್ಸ್ ಸೇರಿಸಿಯೂ ಅಲ್ಲಿನ ಕನಿಷ್ಠ ವೇತನ, ಗಂಟೆಗೆ 7.25 ಡಾಲರ್, ಮುಟ್ಟದಿದ್ದರೆ ಮಾತ್ರ ಉಳಿದದ್ದನ್ನು ತುಂಬಿಕೊಡಬೇಕು. ನಮ್ಮಲ್ಲಿ ಹಾಗಿಲ್ಲ. ಗಿರಾಕಿ ಕೊಟ್ಟದ್ದನ್ನು ತೋರಿಸಿ ಕನಿಷ್ಠ ವೇತನ ಮುರಿಯುವಂತಿಲ್ಲ.

ಮೊದಲು ಜೇಬಿನಲ್ಲಿ ಹಿಡಿಯುವ ಒಂದು ಪುಸ್ತಕ ಇಟ್ಟುಕೊಳ್ಳಿ. ಬಂದ ಹೊತ್ತು, ಬಿಟ್ಟ ಹೊತ್ತು, ತಗೊಂಡ ಅಡ್ವಾನ್ಸ್, ಇಷ್ಟನ್ನು ದಿನಾ ಬರೆಯಿರಿ. ಟಿಪ್ಸ್ ಮಾತ್ರ ಹಿಂದಿನ ಪುಟದಿಂದ ಶುರು ಮಾಡಿ, ಎರಡೂ ಕಲಸಬಾರದು. ಆನೆಗೊಂದಿ, ಸಣಾಪುರ ಕಡೆ ಚಳಿಗಾಲದಲ್ಲಿ ಟೂರಿಸ್ಟ್‌ಗಳು ತುಂಬಿರುತ್ತಾರೆ, ಕೈ ಆಡುತ್ತೆ. ಏಪ್ರಿಲ್ ಬಿಸಿಲಿಗೆ ಯಾರು ಬರುತ್ತಾರೆ? ಬಾಡಿಗೆ ಮಾತ್ರ ಆಗಲೂ ಕಟ್ಟಬೇಕಲ್ವಾ.

ಫೋನ್‌ಪೇ ಬಂದ ಮೇಲೆ ಇನ್ನೊಂದು ತಕರಾರು. ಬಿಲ್ಲು 380, ಗಿರಾಕಿ 400 ಹೊಡೆದು "ಉಳಿದದ್ದು ನೀನಿಟ್ಕೋ" ಅಂತ ಎದ್ದು ಹೋಗುತ್ತಾನೆ. ಇಪ್ಪತ್ತು ರೂಪಾಯಿ ಹೋದದ್ದು ಸಾಹುಕಾರರ ಖಾತೆಗೆ. ಟೇಬಲ್ ನಂಬರು, ಹೊತ್ತು ಬರೆದಿಟ್ಟು, ಗಲ್ಲಾ ಮುಚ್ಚುವ ಮೊದಲೇ ಕೇಳಿ ಇಸ್ಕೊಳ್ಳಿ. ಮರುದಿನ ಕೇಳಿದರೆ ಯಾರಿಗೂ ನೆನಪಿರಲ್ಲ.

ಇನ್ನು ಕನಿಷ್ಠ ವೇತನದ ದರ. ತುಟ್ಟಿಭತ್ಯೆ ಪ್ರತಿ ವರ್ಷ ಏಪ್ರಿಲ್ 1ರಿಂದ ಬದಲಾಗುತ್ತೆ, ಹಳೇ ಪಟ್ಟಿ ನಂಬಬೇಡಿ. ಕಾರ್ಮಿಕ ಇಲಾಖೆಯ ಪಟ್ಟಿಯಲ್ಲಿ ಹೋಟೆಲ್ ಉದ್ಯಮ, ನಿಮ್ಮ ಊರಿನ ವಲಯ, ನಿಮ್ಮ ಕೆಲಸ ಹುಡುಕಿ. ಮೂಲ ವೇತನಕ್ಕೆ ಭತ್ಯೆ ಕೂಡಿಸಿ, ತಿಂಗಳ ಕೆಲಸದ ದಿನ 26ರಿಂದ ಭಾಗಿಸಿ. ಸುಮ್ನೆ ಲೆಕ್ಕಕ್ಕೆ 13,000 ಅಂತಿಟ್ಟುಕೊಂಡರೆ ದಿನಕ್ಕೆ 500. ಎಂಟು ತಾಸಿನ ದಿನವಾದರೆ ತಾಸಿಗೆ ಅರವತ್ತೆರಡೂವರೆ. ಓಟಿಗೆ, ಅಂದ್ರೆ ಹೆಚ್ಚುವರಿ ತಾಸಿನ ಕೆಲಸಕ್ಕೆ, ಅದರ ದುಪ್ಪಟ್ಟು, 125. ಬೆಳಿಗ್ಗೆ ಇಡ್ಲಿಗೆ ಬಂದು ರಾತ್ರಿ ಟೇಬಲ್ ಒರೆಸಿ ಹೋಗುವವರು ಈ ಓಟಿಯನ್ನು ಲೆಕ್ಕಕ್ಕೇ ಹಿಡಿಯಲ್ಲ. ದೊಡ್ಡ ದುಡ್ಡು ಹೋಗೋದು ಇಲ್ಲೇ.

ಕಡಿಮೆ ಬಿದ್ದರೆ ಕ್ಲೀನರ್, ಅಡುಗೆಯವರು, ಎಲ್ಲಾ ಸೇರಿ ಕೇಳಿ. ಒಬ್ಬರೇ ಹೋದರೆ ನಾಳೆಯಿಂದ ಬರಬೇಡ ಅಂತಾರೆ. ಸಂಬಳ ಚೀಟಿ ಕೇಳೋದು ನಿಮ್ಮ ಹಕ್ಕು. ಬಗ್ಗದಿದ್ದರೆ ಕಾರ್ಮಿಕ ನಿರೀಕ್ಷಕರಿಗೆ ಅರ್ಜಿ ಕೊಡಿ. ಹಿಂದೆ ಆರು ತಿಂಗಳೊಳಗೆ ಕೇಳಬೇಕಿತ್ತು. 2025ರ ನವೆಂಬರ್ 21ರಂದು ಜಾರಿಯಾದ ವೇತನ ಸಂಹಿತೆ ಅನ್ನೋ ಕೇಂದ್ರ ಕಾನೂನಿನಲ್ಲಿ ಮೂರು ವರ್ಷ ಅವಕಾಶವಿದೆ. ಅರ್ಜಿ ಜೊತೆ ಪುಸ್ತಕದ ಝೆರಾಕ್ಸ್ ಮಾತ್ರ ಕೊಡಿ, ಅಸಲು ಕೊಡಬೇಡಿ. ನಿಮ್ಮ ಪ್ರತಿ ಮೇಲೆ ಸೀಲು ಹಾಕಿಸಿಕೊಳ್ಳದೆ ಆಫೀಸಿನಿಂದ ಹೊರಗೆ ಬರಬೇಡಿ.