ಮೇಸ್ತ್ರಿಯ 25 ದಿನ, ಕ್ಯಾಲೆಂಡರಿನ 69 ದಿನ

ಮೈಸೂರಿನ ನಮ್ಮ ಮನೆ 1994ರದ್ದು. ಅಡುಗೆಮನೆಯ ಕಡಪ ಕಲ್ಲಿನ ಕಟ್ಟೆ, ಸಿಂಕಿನ ಹಿಂದೆ ಸದಾ ಒದ್ದೆಯಾಗಿರುತ್ತಿದ್ದ ಗೋಡೆ, ಎರಡೇ ಎರಡು ಪ್ಲಗ್ ಪಾಯಿಂಟ್. ಮೂವತ್ತು ವರ್ಷ ದುಡಿದದ್ದು ಸಾಕೆನ್ನಿಸಿ 2024ರ ಸಂಕ್ರಾಂತಿ ಮುಗಿದ ಮೇಲೆ ಅಡುಗೆಮನೆ ಹೊಸದು ಮಾಡುವ ಕೆಲಸಕ್ಕೆ ಕೈಹಾಕಿದೆವು. ಅಮ್ಮನದು ಒಂದೇ ಷರತ್ತು: ಯುಗಾದಿಯ ಒಬ್ಬಟ್ಟು ಹೊಸ ಒಲೆಯ ಮೇಲೆ ಬೇಯಬೇಕು. ಯುಗಾದಿ ಏಪ್ರಿಲ್ 9ಕ್ಕೆ.

ಮೇಸ್ತ್ರಿ ಟೇಪು ಹಿಡಿದು ಒಂದು ಸುತ್ತು ಹಾಕಿ, "25 ದಿನ ಮೇಡಂ" ಅಂದ. ಸುಳ್ಳು ಹೇಳಲಿಲ್ಲ ಅವನು. ಕೊನೆಗೆ ಡೈರಿ ತೆಗೆದು ಎಣಿಸಿದಾಗ ನಮ್ಮ ಮನೆಯಲ್ಲಿ ಆಳುಗಳು ಕೈಯಾಡಿಸಿದ್ದು 24 ದಿನ. ಆದರೆ ಮೊದಲ ಸುತ್ತಿಗೆ ಏಟಿಗೂ ಚಿಮಣಿ ಕೂತ ದಿನಕ್ಕೂ ನಡುವೆ ಹೋದದ್ದು 69 ದಿನ. ಮಿಕ್ಕ 45 ದಿನ ಗೋಡೆ ಒಣಗಿತು, ಕಲ್ಲು ಕಚ್ಚಿಕೊಂಡಿತು, ಫ್ಯಾಕ್ಟರಿಯಲ್ಲಿ ಹಲಗೆ ಕೊಯ್ದರು, ಯಾರೋ ಊರಿಗೆ ಹೋದರು.

ಪಕ್ಕದ ರಸ್ತೆಯ ಗೆಳತಿಗೆ ಆದ ಪಾಡು ನೋಡಿದ್ದರಿಂದ ನಾನು ಲೆಕ್ಕವನ್ನು ಹಿಂದಿನಿಂದ ಹಾಕಿದೆ. ಕ್ಯಾಲೆಂಡರಿನಲ್ಲಿ ಏಪ್ರಿಲ್ 9ಕ್ಕೆ ಸುತ್ತು ಹಾಕಿ, ಅದರ ಹಿಂದಿನ ಹತ್ತು ದಿನ ಏನೂ ಬರೆಯದೆ ಬಿಟ್ಟೆ. ಕ್ಯಾಬಿನೆಟ್ ಜೋಡಿಸುವುದಕ್ಕೆ ನಾಲ್ಕು ದಿನ, ಅದಕ್ಕೂ ಮುಂಚೆ ಫ್ಯಾಕ್ಟರಿಯವರು ಕೇಳಿದ ಮೂವತ್ತು. ಹೀಗೆ ಬಂದರೆ ಫೆಬ್ರವರಿ 24ಕ್ಕೆ ಅಳತೆ ಕೊಡಲೇಬೇಕು. ಗಾರೆ ಕೆಲಸ ಜನವರಿ 29ಕ್ಕೆ ಶುರುವಾಗದಿದ್ದರೆ ಅದು ಆಗದ ಮಾತು.

ಈ ಅಳತೆಯ ವಿಷಯವನ್ನು ಸ್ವಲ್ಪ ಬಿಡಿಸಿ ಹೇಳಬೇಕು, ಹೆಚ್ಚಿನವರು ಎಡವುವುದು ಇಲ್ಲೇ. ಮಾಡ್ಯುಲರ್ (ಫ್ಯಾಕ್ಟರಿಯಲ್ಲಿ ಮಾಡಿ ತಂದು ಜೋಡಿಸುವ ಕ್ಯಾಬಿನೆಟ್) ಅಂಗಡಿಯವರು ಹಳೆಯ ಅಡುಗೆಮನೆ ಇರುವಾಗಲೇ ಅಳತೆ ತೆಗೆದು ಅಡ್ವಾನ್ಸ್ ಕೇಳುತ್ತಾರೆ. ಅದು ರೇಟು ಹೇಳುವುದಕ್ಕೆ ಸಾಕು, ಹಲಗೆ ಕೊಯ್ಯುವುದಕ್ಕೆ ಸಾಲದು. ನಮ್ಮ ಒಂದು ಮೂಲೆಗೆ ಮೂಲೆಮಟ್ಟ ಇಟ್ಟು ನೋಡಿದರೆ ಗೋಡೆ ಎರಡು ಅಡಿ ಉದ್ದಕ್ಕೆ ಅರ್ಧ ಇಂಚು ಆಚೆ ಓಡುತ್ತಿತ್ತು. ಗಿಲಾವು, ನೆಲದ ಟೈಲ್ಸ್, ಗ್ರಾನೈಟ್ ಎಲ್ಲ ಮುಗಿದ ಮೇಲಿನ ಅಳತೆಯೇ ನಿಜವಾದ ಅಳತೆ. ಆದ್ದರಿಂದ ಆ ಮೂವತ್ತು ದಿನವನ್ನು ಗಾರೆ ಕೆಲಸದ ಜೊತೆಜೊತೆಗೆ ಓಡಿಸಲು ಬರುವುದಿಲ್ಲ, ಒಂದರ ಬೆನ್ನಿಗೆ ಇನ್ನೊಂದು.

ಕೆಲಸ ಶುರುವಾಗುವ ಮುಂಚೆಯೇ ಸಿಂಕು, ಒಲೆ, ಚಿಮಣಿ, ನಲ್ಲಿಗಳನ್ನು ತಂದು ರೂಮಿನಲ್ಲಿಟ್ಟಿದ್ದೆ. ಇಷ್ಟು ಬೇಗ ಯಾಕೆ ಎಂದು ಮನೆಯವರು ಗೊಣಗಿದರು. ಆದರೆ ಗ್ರಾನೈಟ್ ಕೊರೆಯುವವನಿಗೆ ಸಿಂಕೇ ಎದುರಿಗಿರಬೇಕು, ಕ್ಯಾಟಲಾಗಿನ ಚಿತ್ರ ಸಾಲದು. ಚಿಮಣಿ ಕೊಳವೆಗೆ ಗೋಡೆಯಲ್ಲಿ ಆರು ಇಂಚಿನ ತೂತು ಯಾವ ಎತ್ತರಕ್ಕೆ, ಓವನ್ನಿಗೆ 16 ಆಂಪಿಯರ್ ಪಾಯಿಂಟ್ ಎಲ್ಲಿ, ವಾಟರ್ ಫಿಲ್ಟರಿಗೆ ನೀರಿನ ಲೈನ್ ಎಲ್ಲಿಂದ, ಇವೆಲ್ಲ ಗೋಡೆ ಒಡೆದಿರುವಾಗಲೇ ತೀರ್ಮಾನವಾಗಬೇಕು. ಟೈಲ್ಸನ್ನೂ ಒಂದೇ ಸಲ, ಒಂದೇ ಬ್ಯಾಚಿನದು, ಹತ್ತು ಪರ್ಸೆಂಟ್ ಹೆಚ್ಚಿಗೆ ತಂದೆ. ಕಡಿಮೆ ಬಿದ್ದು ಮತ್ತೆ ಹೋದರೆ ಅದೇ ಬಣ್ಣ ಸಿಗುವ ಭರವಸೆ ಇಲ್ಲ.

ಹಿಂದಿನ ವರಾಂಡದಲ್ಲಿ ತಾತ್ಕಾಲಿಕ ಅಡುಗೆಮನೆಯನ್ನು ಒಂದು ವಾರ ಮೊದಲೇ ಹೂಡಿ, ಎರಡು ದಿನ ಅಲ್ಲೇ ಅಡುಗೆ ಮಾಡಿ ನೋಡಿದೆವು. ಇಂಡಕ್ಷನ್ ಒಂದೇ ಸಾಕು ಅಂದುಕೊಂಡಿದ್ದೆ. ಅಮ್ಮನ ಮುದ್ದೆ ಪಾತ್ರೆಯ ತಳ ದುಂಡಗೆ, ಅದರ ಮೇಲೆ ಕೂರಲೇ ಇಲ್ಲ. ಕೊನೆಗೆ ಗ್ಯಾಸ್ ಒಲೆಯನ್ನೂ ಅಲ್ಲಿಗೇ ಸಾಗಿಸಿದೆವು. ಪಾತ್ರೆ ತೊಳೆಯುವುದು ಬಟ್ಟೆ ಒಗೆಯುವ ಕಲ್ಲಿನ ಹತ್ತಿರ. ಹತ್ತು ವಾರ ಬಗ್ಗಿ ಪಾತ್ರೆ ಉಜ್ಜಿದ ಸೊಂಟಕ್ಕೆ ಯಾವ ಪಟ್ಟಿಯಲ್ಲೂ ಜಾಗ ಇರಲಿಲ್ಲ ನೋಡಿ.

ಒಡೆಯುವುದು ಎರಡೇ ದಿನದಲ್ಲಿ ಮುಗಿಯಿತು. ಪೈಪು, ವೈರಿಂಗಿಗೆ ಗೋಡೆ ಕೊರೆಯುವಾಗ ಪ್ಲಂಬರ್ ನನ್ನನ್ನು ಕರೆದು ಹಳೆಯ ಜಿಐ (ಸತು ಲೇಪಿಸಿದ ಕಬ್ಬಿಣ) ಪೈಪಿನ ಒಂದು ತುಂಡು ಕೈಗಿಟ್ಟ. ಒಳಗೆ ತುಕ್ಕು ಕಟ್ಟಿ ಕಟ್ಟಿ, ಪೆನ್ಸಿಲ್ ತೂರುವಷ್ಟು ದಾರಿ ಮಾತ್ರ ಉಳಿದಿತ್ತು. ಒದ್ದೆ ಗೋಡೆಯ ಗುಟ್ಟು ಅದೇ. ಬಚ್ಚಲುಮನೆಯ ತನಕ ಸಿಪಿವಿಸಿ ಪ್ಲಾಸ್ಟಿಕ್ ಪೈಪು ಎಳೆದು, ಒತ್ತಡ ಹಾಕಿ ಸೋರುತ್ತದೆಯೇ ಎಂದು ನೋಡಿ ಮುಗಿಸುವಷ್ಟರಲ್ಲಿ ಮೂರು ದಿನದ ಕೆಲಸ, ನಡುವಿನ ಭಾನುವಾರ ಸೇರಿ ನಾಲ್ಕು ದಿನ ಹೋಯಿತು. ಹಳೆ ಮನೆಯ ಗೋಡೆ ಒಡೆದರೆ ಇಂಥದ್ದೊಂದು ಸಿಕ್ಕೇ ಸಿಗುತ್ತದೆ, ಖಾಲಿ ಬಿಟ್ಟ ಹತ್ತು ದಿನ ಅದಕ್ಕೇ.

ಫೆಬ್ರವರಿ 9ಕ್ಕೆ ಗಿಲಾವು ಮುಗಿಯಿತು. ಮೂರನೇ ದಿನವೇ ಮೇಸ್ತ್ರಿ, "ಒಣಗಿದೆಯಲ್ಲಾ ಅಕ್ಕ, ಟೈಲ್ಸ್ ಹಾಕಿಬಿಡ್ತೀವಿ" ಅಂತ ಬಂದ. ನಾನು ಒಪ್ಪಲಿಲ್ಲ. ಗಿಲಾವು ಬರೀ ಒಣಗಿದರೆ ಆಗಲಿಲ್ಲ, ಸಿಮೆಂಟು ನೀರು ಕುಡಿದು ಗಟ್ಟಿಯಾಗಬೇಕು. ಬಿಸಿಲಿಗೆ ಬೇಗ ಒಣಗಿದರೆ ಕೂದಲೆಳೆಯಂಥ ಬಿರುಕು. ಏಳು ದಿನ ಬೆಳಿಗ್ಗೆ, ಮಧ್ಯಾಹ್ನ, ಸಂಜೆ ಪೈಪು ಹಿಡಿದು ನಾನೇ ನೀರು ಹೊಡೆದೆ. ಆ ಏಳು ದಿನ ಅವನ ಆಳುಗಳು ಬೇರೆ ಸೈಟಿಗೆ ಹೋದರು. ಹೋದವರು ವಾಪಸ್ ಬರುವುದು ಇನ್ನೊಂದು ತಲೆನೋವು. ಹೀಗಾಗಿ ಟೈಲ್ಸ್ ಕಂತಿನ ದುಡ್ಡನ್ನು, ಅವರು 17ರ ಬೆಳಿಗ್ಗೆ ಬಂದು ಕೆಲಸಕ್ಕೆ ಕೂತ ಮೇಲೆಯೇ ಕೊಡುವುದೆಂದು ಮೊದಲೇ ಮಾತಾಡಿಕೊಂಡಿದ್ದೆ. ಬಂದರು.

ನೆಲದ ಟೈಲ್ಸ್ ಮೊದಲು, ಆಮೇಲೆ ಗ್ರಾನೈಟ್ ಕಟ್ಟೆ, ಗೋಡೆಯ ಟೈಲ್ಸ್ ಕೊನೆಗೆ. ಗೋಡೆಯ ಟೈಲ್ಸ್ ಗ್ರಾನೈಟಿನ ಮೇಲೆ ಬಂದು ಕೂತರೆ ಸಂದಿಗೆ ನೀರು ಇಳಿಯುವುದು ಕಡಿಮೆ. ಕಟ್ಟೆಯ ಎತ್ತರವನ್ನು ಅಮ್ಮನನ್ನೇ ನಿಲ್ಲಿಸಿ 33 ಇಂಚಿಗೆ ಗುರುತು ಹಾಕಿಸಿದೆ. ಅಳತೆ ಕೊಟ್ಟಿದ್ದು ಫೆಬ್ರವರಿ 27ಕ್ಕೆ. ಮಾರ್ಚಿನಲ್ಲಿ ಪೇಂಟರ್ ಎರಡು ದಿನ ಬಂದದ್ದು ಬಿಟ್ಟರೆ ಇಡೀ ತಿಂಗಳು ಮನೆ ಮೌನ.

ಮಾರ್ಚ್ 28ಕ್ಕೆ ಹೇಳಿದ ಮಾತಿನಂತೆ ಮಾಲು ಬಂತು, ಜೋಡಿಸುವವರು ಬರಲಿಲ್ಲ. ಶಿವರಾತ್ರಿ, ಯುಗಾದಿ ಎರಡನ್ನೂ ಗುರುತು ಮಾಡಿಕೊಂಡಿದ್ದ ನಾನು 25ರ ಹೋಳಿಯನ್ನು ನೋಡಿಯೇ ಇರಲಿಲ್ಲ. ಆ ಹುಡುಗರು ಉತ್ತರ ಪ್ರದೇಶದವರು, ಹಬ್ಬಕ್ಕೆ ಊರಿಗೆ ಹೋಗಿದ್ದರು. ನಿಮ್ಮ ಕ್ಯಾಲೆಂಡರಿನ ಜೊತೆಗೆ ಕೆಲಸಗಾರರ ಕ್ಯಾಲೆಂಡರನ್ನೂ ಕೇಳಿಟ್ಟುಕೊಳ್ಳಿ. ಏಪ್ರಿಲ್ 3ಕ್ಕೆ ಬಂದವರು ಮೂರು ದಿನದಲ್ಲಿ ಜೋಡಿಸಿದರು. 6ರ ಶನಿವಾರ ಒಲೆ, ಚಿಮಣಿ, ಸಿಂಕಿನ ಪೈಪು. ಖಾಲಿ ಬಿಟ್ಟ ಹತ್ತು ದಿನದಲ್ಲಿ ಎಂಟು ಕರಗಿದ್ದವು.

ಭಾನುವಾರ ಹಾಲು ಉಕ್ಕಿಸಿದೆವು. ಮಂಗಳವಾರ ಒಬ್ಬಟ್ಟು. ಸಿಂಕಿನ ಕೆಳಗಿನ ಒಂದು ಬಾಗಿಲಿಗೆ ಹಿಡಿ ಬಂದಿರಲಿಲ್ಲ, ಹಬ್ಬದ ದಿನವೆಲ್ಲ ಅದನ್ನು ಮಗುಚುವ ಕೈಯ ತುದಿ ತೂರಿಸಿ ಎಬ್ಬಿಸಿದ್ದೇ ಎಬ್ಬಿಸಿದ್ದು.